ನಡುಗುವ ದನಿ ಸುಳ್ಳಿನ ಗುರುತಲ್ಲ

ಮೇಲುಕೋಟೆಯ ರೈತರೊಬ್ಬರು ಜಮೀನಿನ ತಕರಾರಿನಲ್ಲಿ ಪಾಂಡವಪುರದ ನ್ಯಾಯಾಲಯದ ಕಟಕಟೆ ಏರಿದರೆ ಬಾಯಿ ಒಣಗುವುದು ಸಹಜ. ತಡವರಿಸಿದವರು ಸುಳ್ಳು ಹೇಳುತ್ತಿದ್ದಾರೆ ಎಂದು ನೋಡುವವರು ಭಾವಿಸುವುದು ಮಾತ್ರ ಅನ್ಯಾಯ. ಗುಜರಾತಿನ ಭರವಾಡ ಭೋಗಿನ್‌ಭಾಯಿ ಪ್ರಕರಣದಲ್ಲಿ (1983) ಸುಪ್ರೀಂ ಕೋರ್ಟ್ ಇದನ್ನೇ ಬಿಡಿಸಿ ಹೇಳಿತು: ಮನುಷ್ಯನ ನೆನಪು ವಿಡಿಯೊ ಟೇಪ್ ಅಲ್ಲ, ನ್ಯಾಯಾಲಯದ ವಾತಾವರಣಕ್ಕೂ ಚುಚ್ಚುವ ಪಾಟೀಸವಾಲಿಗೂ ಅಳುಕಿದ ಪ್ರಾಮಾಣಿಕ ಸಾಕ್ಷಿಯೂ ಘಟನೆಗಳ ಕ್ರಮ ತಪ್ಪಿಸಬಹುದು. ಸಮಯ, ದೂರ, ಆಡಿದ ಮಾತಿನ ಪದಗಳು ಮೊದಲು ಮಸುಕಾಗುತ್ತವೆ. ಪಾಟೀಸವಾಲು ಹೆಚ್ಚಾಗಿ ಕೆದಕುವುದೂ ಅವನ್ನೇ.

ಹಾಗಾದರೆ ಸುಳ್ಳುಗಾರನೂ ಗಾಬರಿಯ ನೆಪ ಹೇಳಬಹುದಲ್ಲ ಎಂಬ ಆಕ್ಷೇಪ ಬರುತ್ತದೆ. ಹೇಳಬಹುದು. ಸಾಕ್ಷಿಯ ವರ್ತನೆಯನ್ನು ನ್ಯಾಯಾಧೀಶರು ದಾಖಲಿಸಲು ಕಾನೂನಿನಲ್ಲೇ ಅವಕಾಶವಿದೆ. ಆದರೆ ತೂಗಬೇಕಾದದ್ದು ಮಾತಿನ ತಿರುಳನ್ನು, ದಾಖಲೆ ಮತ್ತು ಉಳಿದ ಸಾಕ್ಷ್ಯದೊಂದಿಗೆ. ನುಣುಪಾಗಿ ಒಪ್ಪಿಸುವವನ ಮಾತೂ ಇದೇ ಪರೀಕ್ಷೆ ದಾಟಬೇಕು. ಇನ್ನು ಸಾಕ್ಷಿಗೆ ಪ್ರಶ್ನೆ ಅರ್ಥವಾಗದಿದ್ದರೆ ಮತ್ತೆ ಕೇಳಿ ಎನ್ನಬಹುದು. ನೆನಪಿಲ್ಲದ್ದಕ್ಕೆ ‘ನೆನಪಿಲ್ಲ’ ಎನ್ನುವುದು ಸೋಲಲ್ಲ, ಊಹಿಸಿ ಉತ್ತರಿಸುವುದೇ ಅಪಾಯ. ‘ನಾನು ಸುಳ್ಳು ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ’ ಎಂಬ ವಾಕ್ಯ ಹೇಳಿಕೆಯ ಹಾಳೆಗಳಲ್ಲಿ ಎಷ್ಟು ಮಾಮೂಲಿಯೆಂದರೆ, ‘ನೀವು ಸುಳ್ಳು ಹೇಳುತ್ತಿದ್ದೀರಿ’ ಎಂದು ವಕೀಲರು ಸೂಚಿಸಿದರೆ ಸಿಟ್ಟಾಗಬೇಕಿಲ್ಲ, ‘ಸರಿಯಲ್ಲ’ ಎಂದರೆ ಸಾಕು. ಅವಮಾನಿಸಲೆಂದೇ ಕೇಳುವ ಪ್ರಶ್ನೆಯನ್ನು ನ್ಯಾಯಾಲಯ ತಡೆಯಲೇಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 155ನೇ ಕಲಮು ಹಾಗೆ ವಿಧಿಸುತ್ತದೆ.