‘ಚೆನ್ನಾಗಿದೆ’ ಎಂದರೆ ಸಾಕೇ?

ಧರ್ಮಕೇಂದ್ರದ ವಾರ್ಷಿಕ ಹಬ್ಬ, ಕ್ರಿಸ್ಮಸ್, ಯುವಜನರ ದಿನಾಚರಣೆ ಬಂತೆಂದರೆ ನಮ್ಮಲ್ಲಿ ಹೊಸ ನಾಟಕ, ಹೊಸ ಹಾಡು, ಸ್ಮರಣ ಸಂಚಿಕೆಗೆ ಕವನ, ಲೇಖನ ಹೀಗೆ ಹಲವು ಬರಹಗಳು ಸಿದ್ಧವಾಗುತ್ತವೆ. ಬರೆದವರು ಅದನ್ನು ಯಾರಾದರೊಬ್ಬರ ಕೈಗಿತ್ತು ‘ಹೇಗಿದೆ ನೋಡಿ’ ಎನ್ನುತ್ತಾರೆ. ಆಗ ನಾವು ಏನು ಹೇಳುತ್ತೇವೆ?

ಕರಾವಳಿಯಿಂದ ಬಂದು ಬೆಂಗಳೂರಿನ ಬಿನ್ನಿಪೇಟೆಯಲ್ಲಿ ನೆಲೆಸಿರುವ ನನಗೂ ಒಂದು ಕ್ರಿಸ್ಮಸ್ ಸಮಯದಲ್ಲಿ ಈ ಪ್ರಶ್ನೆ ಎದುರಾಯಿತು. ನೆರೆಮನೆಯ ಯುವಕನೊಬ್ಬ ತಾನು ಬರೆದ ಕಿರುನಾಟಕ ತಂದು, ‘ಅಂಕಲ್, ಸ್ವಲ್ಪ ಓದಿ ಹೇಳಿ’ ಎಂದ. ನಡುವಿನ ದೃಶ್ಯ ತೀರಾ ಉದ್ದವಾಯಿತೆಂದು ಓದುವಾಗಲೇ ಅನಿಸಿತ್ತು. ಹುಡುಗನ ಮನಸ್ಸು ನೋಯಿಸುವುದೇಕೆ ಎಂದು ‘ತುಂಬಾ ಚೆನ್ನಾಗಿದೆ’ ಎಂದುಬಿಟ್ಟೆ. ಪ್ರದರ್ಶನದ ದಿನ ಅದೇ ದೃಶ್ಯದಲ್ಲಿ ಜನ ತಮ್ಮತಮ್ಮಲ್ಲೇ ಮಾತಿಗಿಳಿದರು, ಕೆಲವರು ಎದ್ದು ಹೋದರು. ‘ನಿಮಗೆ ಮೊದಲೇ ಗೊತ್ತಾಗಿರಲಿಲ್ವಾ ಅಂಕಲ್?’ ಎಂದು ಅವನು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅವನು ನೋಯಬಾರದೆಂದು ಆಡಿದ ಮಾತಿನಿಂದಲೇ ಅವನು ಎಲ್ಲರೆದುರು ನೊಂದಿದ್ದ.

ಪ್ರಾಮಾಣಿಕ ಅಭಿಪ್ರಾಯ ಎಷ್ಟು ದೊಡ್ಡ ಉಪಕಾರ ಮಾಡಬಲ್ಲದು ಎಂಬುದಕ್ಕೆ ನಮ್ಮ ಸಾಹಿತ್ಯ ಚರಿತ್ರೆಯಲ್ಲೇ ಉದಾಹರಣೆ ಇದೆ. ಕುವೆಂಪು ಅವರು ಮೊದಲು ಬರೆಯುತ್ತಿದ್ದುದು ಇಂಗ್ಲಿಷಿನಲ್ಲಿ. 1924ರಲ್ಲಿ, ತಮ್ಮ 19ನೇ ವಯಸ್ಸಿನಲ್ಲಿ, ಅವರು ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತಮ್ಮ ಕವನಗಳನ್ನು ತೋರಿಸಿದರು. ಕಸಿನ್ಸ್ ಅವುಗಳನ್ನು ನೋಡಿ, ನಿಮ್ಮ ಭಾಷೆಯಲ್ಲಿ ಏನಾದರೂ ಬರೆದಿದ್ದೀರಾ ಎಂದು ಕೇಳಿದರು. ಮೆಚ್ಚುಗೆ ಬಯಸಿ ಹೋಗಿದ್ದ ವಿದ್ಯಾರ್ಥಿಗೆ ನಿರಾಶೆಯಾಯಿತು, ಅಸಮಾಧಾನವೂ ಆಯಿತು. ಕಸಿನ್ಸ್ ಮಾತನ್ನು ಹಿಂದೆಗೆದುಕೊಳ್ಳದೆ, ಬಂಗಾಳಿಯಲ್ಲಿ ಬರೆದ ರವೀಂದ್ರನಾಥ ಟಾಗೋರರ ಉದಾಹರಣೆ ಕೊಟ್ಟು ತಿಳಿಹೇಳಿದರು. ಮುಂದೆ ಅದೇ ಯುವಕ ಕನ್ನಡದಲ್ಲಿ ‘ಶ್ರೀ ರಾಮಾಯಣ ದರ್ಶನಂ’ ಬರೆದು, ಕನ್ನಡಕ್ಕೆ 1967ರ ಜ್ಞಾನಪೀಠ ಪ್ರಶಸ್ತಿ ತಂದರು.

ಕಸಿನ್ಸ್ ಮಾಡಿದ್ದನ್ನು ಗಮನಿಸಿ. ತಂದದ್ದನ್ನು ನೋಡಿದರು, ತೀರ್ಪು ಕೊಡುವ ಮೊದಲು ಪ್ರಶ್ನೆ ಕೇಳಿದರು, ನಿನ್ನಿಂದಾಗದು ಎನ್ನದೆ ಬೇರೆ ದಾರಿ ತೋರಿಸಿದರು. ಎದುರಿಗಿದ್ದವರ ಅಸಮಾಧಾನವನ್ನೂ ಸಹಿಸಿಕೊಂಡರು.

ಇನ್ನೊಂದು ಪಾಠ ನಮ್ಮ ಕರಾವಳಿಯದೇ. ನಂದಳಿಕೆಯ ಲಕ್ಷ್ಮೀನಾರಣಪ್ಪ, ಅಂದರೆ ಕವಿ ಮುದ್ದಣ (1870–1901), ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದವರು. ಅವರ ‘ಶ್ರೀರಾಮಾಶ್ವಮೇಧಂ’ ಕೃತಿಯಲ್ಲಿ ಕವಿ ಕತೆ ಹೇಳುತ್ತಿದ್ದರೆ ಮಡದಿ ಮನೋರಮೆ ನಡುನಡುವೆ ತಡೆಯುತ್ತಾಳೆ. ಸಂಸ್ಕೃತ ಪದಗಳು ಹೆಚ್ಚಾಗಿ ತನಗೆ ಅರ್ಥವಾಗದಿದ್ದರೆ ಅದನ್ನು ನೇರವಾಗಿ ಹೇಳುತ್ತಾಳೆ. ಕೃತಿ ಕೆಟ್ಟದ್ದೆಂದು ಅವಳು ಹೇಳುವುದಿಲ್ಲ. ಕೇಳುವವಳಾಗಿ ತನಗೆ ಏನಾಯಿತು, ಎಲ್ಲಿ ತೊಡಕಾಯಿತು ಎಂಬುದನ್ನಷ್ಟೇ ತಿಳಿಸುತ್ತಾಳೆ. ಇದಕ್ಕೆ ಪಾಂಡಿತ್ಯ ಬೇಕಿಲ್ಲ. ಮನಸ್ಸಿಟ್ಟು ಕೇಳುವ ಯಾರೂ ಇದನ್ನು ಮಾಡಬಹುದು.

ನಮ್ಮ ಧರ್ಮಕೇಂದ್ರಗಳಲ್ಲೂ ಇದನ್ನು ಹೀಗೆ ಪಾಲಿಸಬಹುದು:

1. ಬರಹವನ್ನು ಪೂರ್ತಿ ಓದಿ, ಹಾಡನ್ನು ಪೂರ್ತಿ ಕೇಳಿ. ಅರ್ಧದಲ್ಲಿ ಅಭಿಪ್ರಾಯ ಬೇಡ.

2. ಅವರಿಗೆ ಏನು ಬೇಕೆಂದು ಮೊದಲು ಕೇಳಿ. ಕರಡು ಹಂತದಲ್ಲಿ ಕತೆಯ ಬಗ್ಗೆ ಮಾತಾಡಬಹುದು. ಪ್ರದರ್ಶನದ ಹಿಂದಿನ ರಾತ್ರಿ ಕತೆ ಬದಲಿಸಿ ಎಂದರೆ ಗಾಬರಿ ಮಾತ್ರ ಉಳಿಯುತ್ತದೆ.

3. ಚೆನ್ನಾಗಿರುವುದನ್ನೂ ಸ್ಪಷ್ಟವಾಗಿ ಹೇಳಿ. ‘ತಾಯಿಯ ಕೊನೆಯ ಮಾತು ಮನ ಮುಟ್ಟಿತು’ ಎಂದರೆ, ಯಾವುದನ್ನು ಉಳಿಸಿಕೊಳ್ಳಬೇಕೆಂದು ಅವರಿಗೆ ತಿಳಿಯುತ್ತದೆ.

4. ತಪ್ಪಿನ ಜಾಗ ತೋರಿಸಿ. ‘ಬೋರಾಗುತ್ತದೆ’ ಎನ್ನುವ ಬದಲು ‘ಎರಡನೇ ದೃಶ್ಯದಲ್ಲಿ ಒಂದೇ ಮಾತು ಮೂರು ಸಲ ಬಂದಿದೆ’ ಎನ್ನಿ.

5. ಗಾಯನ ಮಂಡಳಿಯ ಎಲ್ಲರೆದುರು ಒಬ್ಬರ ತಪ್ಪು ಎತ್ತಬೇಡಿ. ಪಕ್ಕಕ್ಕೆ ಕರೆದು ಹೇಳಿ.

6. ನೀವು ಬರೆಯುವಂತೆ ಅವರು ಬರೆಯಬೇಕೆಂದು ಹಟ ಹಿಡಿಯಬೇಡಿ. ಕೃತಿ ಅವರದು. ನಿಮ್ಮ ಸಲಹೆ ತಳ್ಳಿಹಾಕುವ ಹಕ್ಕೂ ಅವರದು.

ಬಿನ್ನಿಪೇಟೆಗೆ ಹೆಸರು ಬಂದದ್ದು ಬಿನ್ನಿ ಮಿಲ್‌ನಿಂದ. ಮಿಲ್ ಈಗಿಲ್ಲ. ಬಟ್ಟೆ ಮಿಲ್ಲುಗಳಲ್ಲಿ ನೇಯ್ದ ಬಟ್ಟೆಯನ್ನು ಹೊರಗೆ ಕಳಿಸುವ ಮೊದಲು ಹರಡಿ ನೋಡಿ, ಎಳೆ ತಪ್ಪಿದ ಜಾಗಕ್ಕೆ ಗುರುತು ಹಾಕುವುದು ರೂಢಿ. ಗುರುತು ಹಾಕುವವನಿಗೆ ನೇಯ್ದವನ ಮೇಲೆ ಸಿಟ್ಟಿರುವುದಿಲ್ಲ. ಆ ಬಟ್ಟೆ ಉಡುವವರ ಕೈಗೆ ಸರಿಯಾಗಿ ಸೇರಬೇಕು, ಅಷ್ಟೆ.

ಆ ಯುವಕ ಮುಂದಿನ ವರ್ಷವೂ ನಾಟಕ ಬರೆದು ತಂದ. ನಾನು ಎರಡು ಕಡೆ ಪೆನ್ಸಿಲ್ ಗುರುತು ಹಾಕಿ, ಯಾಕೆಂದು ಹೇಳಿದೆ. ಒಂದನ್ನು ತಿದ್ದಿದ, ಇನ್ನೊಂದನ್ನು ‘ಇದು ಹೀಗೇ ಇರಲಿ ಅಂಕಲ್’ ಎಂದು ಉಳಿಸಿಕೊಂಡ. ಪ್ರದರ್ಶನದ ದಿನ ಜನ ಮನಸಾರೆ ನಕ್ಕದ್ದು ಅವನು ಉಳಿಸಿಕೊಂಡ ಆ ಮಾತಿಗೇ. ಮುಂದಿನ ಬಾರಿ ಯಾರಾದರೂ ‘ಹೇಗಿದೆ ನೋಡಿ’ ಎಂದಾಗ, ನಾವೂ ಒಂದು ಪೆನ್ಸಿಲ್ ಹಿಡಿದು, ಸಮಯ ಕೊಟ್ಟು ಓದೋಣ.