ಡ್ರಮ್ಮು ಹೇಳಿದ ಆಳ

ಭದ್ರಾವತಿ ಕಡೆಯ ಅಡಿಕೆ ತೋಟ, ಮಾರ್ಚ್ ತಿಂಗಳ ಬಿಸಿಲು. "ಬೋರಿನಲ್ಲಿ ನೀರು ಎಷ್ಟು ಕೆಳಗೆ ಹೋಗಿದೆಯೋ ಗೊತ್ತಾಗೋದು ಹೇಗೆ ಮಾರಾಯ, ಒಳಗೆ ಇಳಿದು ನೋಡೋಕಾಗುತ್ತಾ?" ಎಂದರು ಮಾವ. ಅಲ್ಲೇ ಬಿದ್ದಿದ್ದ 200 ಲೀಟರಿನ ಡ್ರಮ್ಮನ್ನು ಪೈಪಿನ ಬಾಯಿಗೆ ಒಡ್ಡಿ ಗಡಿಯಾರ ಹಿಡಿದು ನಿಂತೆವು. ತುಂಬಲು 125 ಸೆಕೆಂಡ್ ಹಿಡಿಯಿತು. ಮಳೆಗಾಲ ಮುಗಿದ ಹೊಸತರಲ್ಲಿ ಇದೇ ಡ್ರಮ್ಮು 100 ಸೆಕೆಂಡಿಗೆ ತುಂಬಿತ್ತು.

ಬೋರಿನೊಳಗೆ ಇಳಿಬಿಟ್ಟ ಪಂಪು ತೋಳಿನಷ್ಟು ದಪ್ಪದ ಉದ್ದ ಕೊಳವೆ. ಕೆಳಗೆ ಮೋಟಾರು, ಅದರ ಮೇಲೆ ಒಂದರ ಮೇಲೊಂದು ಪೇರಿಸಿದ ಸಣ್ಣ ಚಕ್ರಗಳು. ಪ್ರತಿ ಚಕ್ರವೂ ನೀರನ್ನು ಗಿರ್ರನೆ ತಿರುಗಿಸಿ, ಒಂದಿಷ್ಟು ಒತ್ತಡ ಸೇರಿಸಿ ಮೇಲಿನ ಚಕ್ರಕ್ಕೆ ದಾಟಿಸುತ್ತದೆ. ಒಂದು ಎಚ್‌ಪಿ ಎಂದರೆ ಸೆಕೆಂಡಿಗೆ ಸುಮಾರು 75 ಕೆಜಿ ಭಾರವನ್ನು ಒಂದು ಮೀಟರ್ ಎತ್ತುವ ಸಾಮರ್ಥ್ಯ. ಲೀಟರ್ ನೀರಿಗೆ ಒಂದು ಕೆಜಿ ತೂಕ. ಹಾಗಾಗಿ ಸೂತ್ರ ಇಷ್ಟೇ:

ಎಚ್‌ಪಿ = ನೀರು × ಎತ್ತರ ÷ 75

ನಮಗೆ ಬೇಕಾದದ್ದು ಎತ್ತರ. ಅದೋ ನೀರು ಮತ್ತು 75ರ ನಡುವೆ ಸಿಕ್ಕಿಕೊಂಡಿದೆ. 'ಆಚೆ ಹೋದರೆ ಭಾಗಾಕಾರ ಗುಣಾಕಾರವಾಗುತ್ತದೆ' ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿಸುತ್ತಾರೆ. ನನ್ನ ಮಟ್ಟಿಗೆ ಶಿವಮೊಗ್ಗದ ಅಡಿಕೆ ಮಂಡಿಯ ತಕ್ಕಡಿಯನ್ನು ನೆನೆಯುವುದೇ ವಾಸಿ. ಸಮ ಚಿಹ್ನೆಯೆಂದರೆ ತಕ್ಕಡಿಯ ಮುಳ್ಳು. ಒಂದು ತಟ್ಟೆಗೆ ಮಾಡಿದ್ದನ್ನು ಇನ್ನೊಂದಕ್ಕೂ ಮಾಡಿದರೆ ಮುಳ್ಳು ಅಲುಗುವುದಿಲ್ಲ. ಎರಡೂ ಕಡೆ 75ರಿಂದ ಗುಣಿಸಿ, ಬಳಿಕ ಎರಡೂ ಕಡೆ ನೀರಿನಿಂದ ಭಾಗಿಸಿದರೆ ಎತ್ತರ ಒಂಟಿಯಾಗಿ ನಿಲ್ಲುತ್ತದೆ:

ಎತ್ತರ = ಎಚ್‌ಪಿ × 75 ÷ ನೀರು

ಮಾವನ ಮೋಟಾರು 5 ಎಚ್‌ಪಿ. ಅದರಲ್ಲಿ ಅರ್ಧದಷ್ಟು ಮಾತ್ರ ನೀರಿಗೆ ದಕ್ಕುತ್ತದೆಂದು ಹಿಡಿದರೆ 2.5 × 75, ಅಂದರೆ 187.5. ಮೊದಲು ಸೆಕೆಂಡಿಗೆ 2 ಲೀಟರ್ ಬರುತ್ತಿತ್ತು: 94 ಮೀಟರ್. ಈಗ 1.6 ಲೀಟರ್: 117 ಮೀಟರ್. ನೀರು ಸುಮಾರು 77 ಅಡಿ ಕೆಳಗಿಳಿದಿದೆ! ಮಾವ ಸ್ವಲ್ಪ ಹೊತ್ತು ಮಾತಾಡದೆ ಕೇಸಿಂಗ್ ಪೈಪನ್ನೇ ನೋಡುತ್ತಿದ್ದರು.

ಇದು ಅಂದಾಜು. ಪೈಪಿನ ಘರ್ಷಣೆಯೂ ಎತ್ತರದ ಲೆಕ್ಕಕ್ಕೇ ಸೇರುತ್ತದೆ, ಆಳ ಬದಲಾದಂತೆ ಪಂಪಿನ ದಕ್ಷತೆಯೂ ಬದಲಾಗುತ್ತದೆ, ವೋಲ್ಟೇಜ್ ಇಳಿದಾಗ ಅಳೆದರೆ ಮೋಸ ಹೋಗುತ್ತೀರಿ. ಆದರೂ ಪ್ರತಿ ತಿಂಗಳು ಕರೆಂಟು ಸರಿಯಿರುವ ಹೊತ್ತಿನಲ್ಲಿ ಅಳೆದು ಗೋಡೆಯ ಮೇಲೆ ಬರೆದಿಟ್ಟರೆ, ಬೋರು ಸೊರಗುವುದು ಬತ್ತುವ ಮೊದಲೇ ಕಾಣುತ್ತದೆ.

ಭದ್ರಾ ಮೇಲ್ದಂಡೆ ಯೋಜನೆಗೂ ಇದೇ ಲೆಕ್ಕ. ತುಂಗೆಯಿಂದ ಭದ್ರೆಗೆ 17.4 ಟಿಎಂಸಿ ನೀರೆತ್ತುವುದು ಅದರ ಒಂದು ಭಾಗ. ಒಟ್ಟು ವಿದ್ಯುತ್ತನ್ನು ಎತ್ತರದಿಂದ ಭಾಗಿಸಿದರೆ ಒಂದೊಂದು ಮೀಟರಿಗೆ ತಗಲುವ ಖರ್ಚು ಸಿಗುತ್ತದೆ: ಒಂದಿಷ್ಟೂ ಪೋಲು ಮಾಡದ ಪಂಪು ಸಿಕ್ಕರೂ, ಅಷ್ಟು ನೀರನ್ನು ಬರೀ ಒಂದು ಮೀಟರ್ ಎತ್ತಲು ಸುಮಾರು 13.4 ಲಕ್ಷ ಯೂನಿಟ್.