ಕೆಂಪು ಕಲೆಯೂ ಕಡೆಯ ಬಸ್ಸೂ

ಕಾವಲಿಯ ಮೇಲೆ ನೀರು ಚಿಮುಕಿಸಿ, ಕಾವು ಎಲ್ಲಿ ಹೆಚ್ಚು ಎಲ್ಲಿ ಕಡಮೆ ಎಂದು ಅರಿಯುವ ವಿದ್ಯೆಯನ್ನು ನಮ್ಮ ವಾಚಕರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ನಗರದ ವಾಹನಸಂಚಾರವನ್ನು ಪರೀಕ್ಷಿಸಲು ಇಂಥದೇ ಒಂದು ಉಪಾಯವೀಗ ಬಳಕೆಯಲ್ಲಿದೆ. ಅದರ ಹೆಸರು ಹೀಟ್ ಮ್ಯಾಪ್. ನಾವು ತಾಪನಕ್ಷೆ ಎನ್ನೋಣ. ಅದರಲ್ಲಿ ನಿಜವಾದ ಶಾಖವೇನೂ ಇಲ್ಲ. ದಟ್ಟಣೆಯನ್ನು ಬಣ್ಣದಿಂದ ತೋರಿಸುವುದಷ್ಟೇ. 1873ರಷ್ಟು ಹಿಂದೆಯೇ ತೂಸ್ಯಾಂ ಲುವಾ ಎಂಬ ಫ್ರೆಂಚ್ ಸಂಖ್ಯಾಶಾಸ್ತ್ರಜ್ಞನು ಪ್ಯಾರಿಸ್ ನಗರದ ವಿಭಾಗಗಳ ಅಂಕಿ ಅಂಶಗಳನ್ನು ಹೀಗೆ ಬಣ್ಣ ತುಂಬಿ ತೋರಿಸಿದ್ದನು.

1950ರಲ್ಲಿ ಆರಂಭವಾದ ಪುಣೆಯ ನಗರ ಸಾರಿಗೆಯು 2007ರಲ್ಲಿ ಪಿಂಪರಿ-ಚಿಂಚವಡದ ಸಾರಿಗೆಯೊಡನೆ ಕೂಡಿ ಪಿಎಂಪಿಎಂಎಲ್ ಆಯಿತೆಂಬುದು ಸರ್ವವಿದಿತ. ಬಸ್ಸಿನೊಳಗಿನ ಸ್ಥಾನಸೂಚಕ ಯಂತ್ರವು ಉಪಗ್ರಹಗಳ ಸಂಕೇತದಿಂದ ತಾನಿರುವ ಸ್ಥಳವನ್ನು ತಿಳಿದು, ಮೊಬೈಲ್ ಜಾಲದ ಮೂಲಕ ನಿಯಂತ್ರಣ ಕೊಠಡಿಗೆ ವರದಿಮಾಡುತ್ತದೆ. ಒಂದೊಂದು ವರದಿಯೂ ನಕ್ಷೆಯ ಮೇಲೊಂದು ಚುಕ್ಕೆ. ಚುಕ್ಕೆಗಳು ವಿರಳವಾದಲ್ಲಿ ತೆಳುಬಣ್ಣ; ರಾಶಿಬಿದ್ದಲ್ಲಿ ಕೆಂಪು.

ಆದರೆ ಕೆಂಪೆಲ್ಲವೂ ಸೌಕರ್ಯದ ಗುರುತಲ್ಲ. ಹತ್ತು ಸೆಕೆಂಡಿಗೊಮ್ಮೆ ವರದಿ ಕಳುಹಿಸುವ ಬಸ್ಸು ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಓಡಿದರೆ ನೂರು ಮೀಟರಿಗೊಂದು ಚುಕ್ಕೆಯನ್ನಿಡುತ್ತದೆ. ಅದೇ ಬಸ್ಸು ಸ್ವಾರಗೇಟಿನ ಜಂಗುಳಿಯಲ್ಲಿ ಐದು ನಿಮಿಷ ಸಿಕ್ಕಿಬಿದ್ದರೆ ಒಂದೇ ಠಾವಿನಲ್ಲಿ ಮೂವತ್ತು ಚುಕ್ಕೆ! ಒಂದೇ ಬಸ್ಸಿನ ನಿಲುಗಡೆಯನ್ನು ಮೂವತ್ತು ಬಸ್ಸುಗಳ ಓಡಾಟವೆಂದು ಓದುವ ಅಪಾಯವಿದೆ. ಆದುದರಿಂದ ಚುಕ್ಕೆಗಳನ್ನಲ್ಲ, ಬೇರೆ ಬೇರೆ ವಾಹನಗಳನ್ನೇ ಎಣಿಸಬೇಕು. ವೇಗವನ್ನೂ ಜೊತೆಗಿಟ್ಟು ನೋಡಬೇಕು.

ಖಾಲಿ ಜಾಗವೂ ಹೀಗೆಯೇ ಮೋಸಮಾಡುತ್ತದೆ. ಊರಿಗೆ ಹೋಗುವಾಗ ಸಾತಾರೆಯ ದಾರಿಯಲ್ಲಿ ಖಂಬಾಟಕಿ ಘಾಟು ಬರುತ್ತದಷ್ಟೆ. ಅಲ್ಲಿಯ ಸುರಂಗದೊಳಕ್ಕೆ ಉಪಗ್ರಹದ ಸಂಕೇತ ತಲಪದು. ಬರಿಯ ಮೊಬೈಲ್ ಜಾಲವಿಲ್ಲದೆಡೆಯಲ್ಲಾದರೆ, ಒಳ್ಳೆಯ ಯಂತ್ರವು ವರದಿಗಳನ್ನು ತನ್ನಲ್ಲೇ ಕೂಡಿಟ್ಟು ಜಾಲ ಸಿಕ್ಕೊಡನೆ ಒಪ್ಪಿಸುತ್ತದೆ. ಬಸ್ಸು ಓಡಲಿಲ್ಲವೆಂಬುದಕ್ಕೂ ಅದರ ಸುದ್ದಿ ತಲಪಲಿಲ್ಲವೆಂಬುದಕ್ಕೂ ಬಹಳ ಅಂತರವಿದೆ. ಈ ಅಂತರವನ್ನು ಗಮನಿಸದೆ ಚಾಲಕನಿಂದ ವಿವರಣೆ ಕೇಳುವುದು ಅನ್ಯಾಯ.

ಇನ್ನು ನಮ್ಮವರ ವಿಷಯ. ಇಡೀ ದಿನದ ನಕ್ಷೆಯನ್ನು ಒಟ್ಟಾಗಿ ಬರೆದರೆ ಹಗಲಿನ ಕೆಂಪಿನಲ್ಲಿ ರಾತ್ರಿಯು ಮುಳುಗಿಹೋಗುತ್ತದೆ. ಗಂಟೆಗಂಟೆಗೆ ಬೇರೆಯಾಗಿ ಬರೆದರೆ ಮಧ್ಯರಾತ್ರಿಯ ಹಾಳೆ ಬಹುಮಟ್ಟಿಗೆ ಬಿಳಿದಾಗುವುದು. ಅದನ್ನು ಕಂಡ ಅಧಿಕಾರಿ, ಆ ವೇಳೆಯಲ್ಲಿ ಪ್ರಯಾಣಿಕರಿಲ್ಲ, ಬಸ್ಸೂ ಬೇಡ ಎಂದರೆ? ಬಸ್ಸಿಲ್ಲದ ಕಡೆ ಚುಕ್ಕೆ ಬೀಳದು, ಟಿಕೆಟೂ ಹರಿಯದು. ಪಾತ್ರೆ ತೊಳೆದು, ಬಾಗಿಲು ಎಳೆದು, ಧನಕವಡಿಗೋ ಹಡಪಸರಿಗೋ ಕಾಲ್ನಡಿಗೆಯಲ್ಲಿ ಹೊರಟವನ ಗುರುತು ಈ ನಕ್ಷೆಯಲ್ಲಿ ಎಲ್ಲಿಯೂ ಇಲ್ಲ.

ನಾವು ಹೊಟೇಲು ನಡೆಸುತ್ತಿದ್ದಾಗ ಹುಡುಗರು ಮೇಜುಗಳನ್ನು ಜೋಡಿಸಿಕೊಂಡು ಅಲ್ಲಿಯೇ ಮಲಗುತ್ತಿದ್ದರು. ಬಾಡಿಗೆ ಉಳಿಸುವ ಜಾಣತನವೆಂದು ನಾವು ತಿಳಿದಿದ್ದೆವು. ಕೋಣೆಯ ಬಾಡಿಗೆ ಕೊಡುತ್ತಿದ್ದವರೂ ಅವರಲ್ಲಿದ್ದರೆಂದು ಬಹುಕಾಲದ ಮೇಲೆ ತಿಳಿಯಿತು. ಕೋಣೆಯಿತ್ತು, ಹೋಗಲು ಬಸ್ಸಿರಲಿಲ್ಲ. ಕೇಳುವ ಬುದ್ಧಿ ನಮಗೆ ಹುಟ್ಟಲಿಲ್ಲ.

ಆ ಬಿಳಿಯ ಹಾಳೆಯನ್ನು ತುಂಬಲು ಬೇರೆ ಲೆಕ್ಕವೇ ಬೇಕು. ರಾತ್ರಿ ಕೆಲಸ ಮುಗಿಯುವ ಹೊತ್ತು, ಹತ್ತಬೇಕಾದ ನಿಲ್ದಾಣ, ಇಳಿಯಬೇಕಾದ ನಿಲ್ದಾಣ—ಇಷ್ಟನ್ನೇ ಒಂದು ಕಾರ್ಡಿನಲ್ಲಿ ಬರೆದು ವಾಚಕರು ನಮ್ಮ ಕಚೇರಿಗೆ ಕಳುಹಿಸಬೇಕು. ಹೆಸರು ಬೇಕಾಗಿಲ್ಲ. ಮಾಲಿಕರು ತಮ್ಮಲ್ಲಿಯ ಎಲ್ಲ ಕೆಲಸಗಾರರ ಪಟ್ಟಿಯನ್ನು ಒಟ್ಟಿಗೆ ಕೊಟ್ಟರೆ ಇನ್ನೂ ಲೇಸು. ಬಂದುದನ್ನೆಲ್ಲ ವೇಳೆಯ ಪ್ರಕಾರ ವಿಂಗಡಿಸಿ ಸಾರಿಗೆ ಅಧಿಕಾರಿಗಳ ಮೇಜಿಗೆ ನಾವೇ ಮುಟ್ಟಿಸುತ್ತೇವೆ.